ಬೋಳು ಗುಡ್ಡದಲ್ಲಿ ಬಿಡಿಸೋಕೆ ಏನಿದೆ?

ಪ್ರಶ್ನೆ: ಸಾರ್, ನಾನು ಪಾವಗಡದ ಕಡೆಯವನು, ಚಿತ್ರಕಲೆ ಕಲಿಯುತ್ತಿದ್ದೇನೆ. ಲ್ಯಾಂಡ್‌ಸ್ಕೇಪ್ ಅಂದ ತಕ್ಷಣ ಎಲ್ಲರೂ ಆಗುಂಬೆಗೆ ಹೋಗು, ತೀರ್ಥಹಳ್ಳಿಗೆ ಹೋಗು ಅಂತಾರೆ. ನಮ್ಮಲ್ಲಿ ಇರೋದು ಬಂಡೆ, ಜಾಲಿ ಗಿಡ, ಬಿಸಿಲು. ಮೊನ್ನೆ ಫೋನಿನಲ್ಲಿ ಸರ್ಯಾನ್ ಅನ್ನುವ ಅರ್ಮೇನಿಯಾದ ಕಲಾವಿದರ ಚಿತ್ರ ಕಂಡಿತು. ಅಲ್ಲೂ ಬರೀ ಗುಡ್ಡವೇ! ಯಾರು ಇವರು?

ಉತ್ತರ: ಸರಿಯಾದವರನ್ನೇ ಹಿಡಿದಿದ್ದೀರಿ. ಮಾರ್ತಿರೋಸ್ ಸರ್ಯಾನ್ ಹುಟ್ಟಿದ್ದು 1880ರಲ್ಲಿ. ಅದೂ ಅರ್ಮೇನಿಯಾದಲ್ಲಲ್ಲ, ದಕ್ಷಿಣ ರಷ್ಯಾದ ನೊರ್ ನಖಿಚೆವಾನ್ ಎಂಬ ಅರ್ಮೇನಿಯನ್ನರ ಊರಲ್ಲಿ. ಈಗ ಅದು ರೊಸ್ತೋವ್ ನಗರದೊಳಗೇ ಸೇರಿಹೋಗಿದೆ. ಮಾಸ್ಕೋದಲ್ಲಿ ಕಲಿತರು. ಸೆರೊವ್, ಕೊರೊವಿನ್ ಅವರಂಥವರು ಮೇಷ್ಟ್ರು. ಆಮೇಲೆ 1910ರಲ್ಲಿ ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್), ಮರುವರ್ಷ ಈಜಿಪ್ಟ್, 1913ರಲ್ಲಿ ಪರ್ಷಿಯಾ ಅಂತ ಬಿಸಿಲಿನ ಊರುಗಳನ್ನೇ ಹುಡುಕಿಕೊಂಡು ಸುತ್ತಿದರು. ನಾವು ಬಿಸಿಲು ಕಂಡರೆ ಮಡಿಕೇರಿ ಕಡೆ ಓಡುತ್ತೇವೆ, ಅಲ್ವಾ?

1910ರ 'ಬೀದಿ, ಮಧ್ಯಾಹ್ನ, ಕಾನ್‌ಸ್ಟಾಂಟಿನೋಪಲ್' ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಗೋಡೆಗೆ ಬಿಸಿಲು ಬಿದ್ದ ಕಡೆ ಉರಿಯುವ ಹಳದಿ, ಕಿತ್ತಳೆ. ನೆರಳಿಗೆ ನೀಲಿ, ಕಪ್ಪಲ್ಲ. ಕಿಟಕಿ, ಬಾಗಿಲು, ಇಟ್ಟಿಗೆ ಅಂತ ಕೂತು ಬಿಡಿಸಿಲ್ಲ, ಅಗಲವಾಗಿ ಬಣ್ಣ ಹಚ್ಚಿ ಬಿಟ್ಟಿದ್ದಾರೆ. ಆ ಕಾಲದಲ್ಲಿ ಅವರು ಜಾಸ್ತಿ ಬಳಸಿದ್ದು ಟೆಂಪೆರಾ, ಅಂದರೆ ಮೊಟ್ಟೆಯ ಹಳದಿಯಂಥ ಅಂಟಿನಲ್ಲಿ ಕಲಸಿ ನೀರಿನಲ್ಲಿ ತೆಳುಮಾಡುವ ಬಣ್ಣ. ಅದು ಬೇಗ ಒಣಗುತ್ತದೆ, ಎಣ್ಣೆ ಬಣ್ಣದ ಹೊಳಪು ಇರುವುದಿಲ್ಲ, ಹಾಗಾಗಿ ಬಣ್ಣ ಸಪಾಟಾಗಿ, ನೇರವಾಗಿ ಕಣ್ಣಿಗೆ ಹೊಡೆಯುತ್ತದೆ.

ನಿಮ್ಮ ಗುಡ್ಡಕ್ಕೆ ಬೇಕಾದ್ದೂ ಇದೇ. ನಮ್ಮಲ್ಲಿ ಲ್ಯಾಂಡ್‌ಸ್ಕೇಪ್ ಕಲಿಸುವುದು ಹಸಿರಿನಿಂದ ಶುರುವಾಗುತ್ತದೆ, ಬಂಡೆ ಬಂದರೆ ಬೂದು ಬಣ್ಣಕ್ಕೆ ಸ್ವಲ್ಪ ಕಪ್ಪು ಬೆರೆಸಿ ಮುಗಿಸುತ್ತಾರೆ, ಅದಕ್ಕೇ ಬಯಲುಸೀಮೆಯ ಚಿತ್ರಗಳೆಲ್ಲ ಮಳೆಗಾಲದ ಗೋಡೆ ಥರ ಮಂಕಾಗಿರುತ್ತವೆ. ಒಮ್ಮೆ ಮಧುಗಿರಿ ಬೆಟ್ಟವನ್ನು ಸಂಜೆ ನಾಲ್ಕೂವರೆಗೆ ನೋಡಿ. ನೀರು ಹರಿದ ಕಡೆ ಕಪ್ಪು ಪಟ್ಟೆ, ಅದರ ಪಕ್ಕ ಕಲ್ಲು ಗುಲಾಬಿಗೆ ತಿರುಗಿರುತ್ತದೆ, ಕೆಳಗೆ ಉತ್ತ ಹೊಲದ ಕೆಂಪು ಮಣ್ಣು. ಸುಮ್ನೆ ಆಗುಂಬೆಗೆ ಬಸ್ ಚಾರ್ಜ್ ಯಾಕೆ?

ಪ್ರಶ್ನೆ: ಅವರ ಚಿತ್ರಗಳಲ್ಲಿ ಪದೇ ಪದೇ ಬರುವ ಆ ಹಿಮದ ಬೆಟ್ಟ ಯಾವುದು? (ತಿಪಟೂರಿನ ಓದುಗರು)

ಉತ್ತರ: ಅರರಾತ್, 5,137 ಮೀಟರ್. ಅದು ಇರುವುದು ಟರ್ಕಿಯಲ್ಲಿ, ಆದರೆ ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಿಂದ ಚೆನ್ನಾಗಿ ಕಾಣಿಸುತ್ತದೆ. ಅಂದರೆ ದಿನಾ ನೋಡಬಹುದು, ಹತ್ತಬೇಕಾದರೆ ಪರದೇಶಕ್ಕೆ ಹೋಗಬೇಕು. 1915ರಲ್ಲಿ ಟರ್ಕಿಯಲ್ಲಿ ಅರ್ಮೇನಿಯನ್ನರ ನರಮೇಧ ನಡೆದಾಗ ಸರ್ಯಾನ್ ಅರ್ಮೇನಿಯನ್ ಚರ್ಚಿನ ಕೇಂದ್ರವಾದ ಎಚ್ಮಿಯಾಜಿನ್‌ಗೆ ಹೋಗಿ ನಿರಾಶ್ರಿತರ ಸೇವೆಗೆ ನಿಂತರು. 1921ರಲ್ಲಿ ಯೆರೆವಾನ್‌ನಲ್ಲೇ ನೆಲೆಸಿದರು. ಸೋವಿಯತ್ ಅರ್ಮೇನಿಯಾದ ಲಾಂಛನವನ್ನು ಕೊಜೋಯಾನ್ ಎಂಬ ಇನ್ನೊಬ್ಬ ಕಲಾವಿದರ ಜೊತೆ ರೂಪಿಸಿದವರೂ ಇವರೇ. ಅದರ ನಡುವೆ ಕೂತಿರುವುದು ಇದೇ ಅರರಾತ್!

ಪ್ರಶ್ನೆ: ಪ್ಯಾರಿಸ್‌ನಲ್ಲಿ ಬಿಡಿಸಿದ ಚಿತ್ರಗಳು ಸುಟ್ಟುಹೋದವಂತೆ, ನಿಜವೇ? (ಶಿರಾದ ಓದುಗರು)

ಉತ್ತರ: ನಿಜ. 1928ರಲ್ಲಿ ಅಲ್ಲಿ ಪ್ರದರ್ಶನ ಮುಗಿಸಿ ಹಡಗಿನಲ್ಲಿ ಕಳಿಸಿದ್ದರು. ಹಡಗಿಗೆ ಬೆಂಕಿ ಬಿದ್ದು ಹೆಚ್ಚಿನವು ಹೋದವು. ಆದರೂ ಅವರು ಕುಂಚ ಕೆಳಗಿಡಲಿಲ್ಲ. 1972ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು.

ಯೆರೆವಾನ್‌ನಲ್ಲಿ ಅವರ ಮನೆಯ ಪಕ್ಕದಲ್ಲೇ ಮ್ಯೂಸಿಯಂ ಇದೆ, ಅವರು ಬದುಕಿದ್ದಾಗಲೇ, 1967ರಲ್ಲಿ ತೆರೆದದ್ದು. ಮಾಸ್ಕೋದ ಟ್ರೆಟ್ಯಕೋವ್ ಗ್ಯಾಲರಿಯಲ್ಲೂ ಒಳ್ಳೆಯ ಚಿತ್ರಗಳಿವೆ. ಫೋನಿನಲ್ಲಿ ನೋಡುವವರು ಒಂದೇ ಚಿತ್ರದ ಮೂರ್ನಾಲ್ಕು ಫೋಟೋ ಪಕ್ಕಪಕ್ಕ ಇಟ್ಟು ನೋಡಿ. ಸರ್ಯಾನ್ ಹಚ್ಚಿದ ಬಣ್ಣವೇ ಜೋರು, ಅದರ ಮೇಲೆ ಕೆಲವರು ಇನ್ನಷ್ಟು ಮಿಂಚಿಸಿ ಹಾಕಿರುತ್ತಾರೆ.