ಮನೆ ಹತ್ತಿರದ ಸೀಟೋ, ದೂರದ ದುಬಾರಿ ಸೀಟೋ? ಅಮೆರಿಕದ ದಂತ ವೈದ್ಯ ಶಿಕ್ಷಣ: ಓದುಗರ ಪ್ರಶ್ನೆಗಳು

ಪ್ರಶ್ನೆ: ನಾವು ಡಲ್ಲಾಸ್ ಬಳಿ ಇಪ್ಪತ್ತು ವರ್ಷದಿಂದ ಇದ್ದೇವೆ. ಎಲ್ಲರಿಗೂ ಅಮೆರಿಕದ ಪೌರತ್ವ ಇದೆ. ಮಗಳಿಗೆ ದಂತ ವೈದ್ಯ ಕೋರ್ಸಿಗೆ ಎರಡು ಕಡೆ ಸೀಟು ಸಿಕ್ಕಿದೆ. ಒಂದು ಟೆಕ್ಸಾಸಿನದೇ ಸರ್ಕಾರಿ ಕಾಲೇಜು. ಊಟ, ವಸತಿ ಸೇರಿ ನಾಲ್ಕು ವರ್ಷಕ್ಕೆ 2.4 ಲಕ್ಷ ಡಾಲರ್ ಎಂದು ಪತ್ರ ಬಂದಿದೆ. ಇನ್ನೊಂದು ಪೂರ್ವ ಕರಾವಳಿಯ ಹೆಸರುವಾಸಿ ಖಾಸಗಿ ಕಾಲೇಜು. ಅಲ್ಲಿ 5.6 ಲಕ್ಷ. ಮುಂದೆ ಆರ್ಥೊಡಾಂಟಿಕ್ಸ್ (ಓರೆಕೋರೆ ಹಲ್ಲು ಸರಿಪಡಿಸುವ ತಜ್ಞ ತರಬೇತಿ) ಮಾಡಬೇಕು, ಅದಕ್ಕೆ ಹೆಸರಿರುವ ಕಾಲೇಜೇ ಬೇಕು ಅನ್ನುತ್ತಾಳೆ. ಸಾಲ ಮಾಡಿಯಾದರೂ ಕಳಿಸಬೇಕೆ?

ಉತ್ತರ: ಬೇಡ, ಟೆಕ್ಸಾಸಿನ ಸೀಟನ್ನೇ ಹಿಡಿಯಿರಿ. ಆರ್ಥೊಡಾಂಟಿಕ್ಸ್ ಮಾಡುವ ಆಸೆ ಇದ್ದರಂತೂ ಅದನ್ನೇ.

ಎರಡೂ ಕಾಲೇಜಿಗೆ ಮಾನ್ಯತೆ ಕೊಡುವುದು ಕೋಡಾ ಎಂಬ ಒಂದೇ ಸಂಸ್ಥೆ. ದಂತ ವೈದ್ಯ ಕಾಲೇಜುಗಳು ಕೊಡುವ ಡಿಡಿಎಸ್ ಮತ್ತು ಡಿಎಂಡಿ ಪದವಿಗಳು ಹೆಸರಲ್ಲಿ ಬೇರೆ, ಮೌಲ್ಯದಲ್ಲಿ ಒಂದೇ. ಎರಡೂ ಪದವಿಯವರು ಲೈಸೆನ್ಸಿಗಾಗಿ ಬರೆಯಬೇಕಾದ ಐಎನ್‌ಬಿಡಿಇ ಪರೀಕ್ಷೆಯೂ ಒಂದೇ, ಅದರ ಫಲಿತಾಂಶ ಪಾಸು ಅಥವಾ ಫೇಲು ಅಷ್ಟೆ. ಲೈಸೆನ್ಸ್ ಕೊಡುವ ರಾಜ್ಯ ಮಂಡಳಿ ಕಾಲೇಜಿನ ಹೆಸರಿಗೆ ಅಂಕ ಕೊಡುವುದಿಲ್ಲ. ಹಲ್ಲುನೋವು ಅಂತ ಬರುವ ರೋಗಿಯೂ ಅದನ್ನು ಕೇಳುವುದಿಲ್ಲ.

ಈಗ ಸಾಲದ ಲೆಕ್ಕಕ್ಕೆ ಬರೋಣ. ಎಷ್ಟೋ ಮನೆಗಳಲ್ಲಿ ಇನ್ನೂ ಹಳೆಯ ನಿಯಮವನ್ನೇ ನಂಬಿಕೊಂಡಿದ್ದಾರೆ. 2025ರ ಜುಲೈ 4ರಂದು ಸಹಿಯಾದ ಕಾನೂನಿನ ಪ್ರಕಾರ, 2026ರ ಜುಲೈ 1ರ ನಂತರ ಹೊಸದಾಗಿ ಸಾಲ ಪಡೆಯುವವರಿಗೆ ಗ್ರ್ಯಾಡ್ ಪ್ಲಸ್ ಸಾಲ ಸಿಗುವುದಿಲ್ಲ. ಕಾಲೇಜು ಎಷ್ಟು ಕೇಳಿದರೂ ಸರ್ಕಾರವೇ ಪೂರ್ತಿ ಸಾಲ ಕೊಡುತ್ತಿದ್ದ ದಾರಿ ಅದು. ಇನ್ನು ಮುಂದೆ ದಂತ ವೈದ್ಯ ವಿದ್ಯಾರ್ಥಿಗೆ ಫೆಡರಲ್ ಸಾಲ ವರ್ಷಕ್ಕೆ 50 ಸಾವಿರ ಡಾಲರ್, ಒಟ್ಟು 2 ಲಕ್ಷ. ಅಂದರೆ ಖಾಸಗಿ ಕಾಲೇಜಿಗೆ ಕಳಿಸಿದರೆ 3.6 ಲಕ್ಷ ಕೊರತೆ ಬೀಳುತ್ತದೆ. ಅದನ್ನು ತುಂಬಬೇಕಾದ್ದು ಬ್ಯಾಂಕಿನ ಖಾಸಗಿ ಸಾಲ, ಮತ್ತು ಆದಾಯವಿಲ್ಲದ ವಿದ್ಯಾರ್ಥಿಗೆ ಬ್ಯಾಂಕು ಸಾಮಾನ್ಯವಾಗಿ ತಂದೆತಾಯಿಯ ಜಾಮೀನು ಕೇಳುತ್ತದೆ. ಆದಾಯಕ್ಕೆ ತಕ್ಕಂತೆ ಕಂತು ಇಳಿಸುವ ಸರ್ಕಾರಿ ಯೋಜನೆಗಳಾಗಲಿ, ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯಲ್ಲಿ ಹತ್ತು ವರ್ಷ ದುಡಿದರೆ ಸಾಲ ಮನ್ನಾ ಮಾಡುವ ಪಿಎಸ್‌ಎಲ್‌ಎಫ್ ಆಗಲಿ ಖಾಸಗಿ ಸಾಲಕ್ಕೆ ಅನ್ವಯಿಸುವುದಿಲ್ಲ. ಮಗಳು ಕಂತು ತಪ್ಪಿಸಿದರೆ ನೋಟಿಸು ನಿಮ್ಮ ಹೆಸರಿಗೆ ಬರುತ್ತದೆ, ಅದೂ ನೀವು ನಿವೃತ್ತಿಯ ಹತ್ತಿರ ಇರುವಾಗ.

ಬಡ್ಡಿ ಶೇ 8 ಎಂದಿಟ್ಟುಕೊಳ್ಳಿ. ಈಚಿನ ವರ್ಷಗಳಲ್ಲಿ ಫೆಡರಲ್ ದರವೇ ಹೆಚ್ಚುಕಡಿಮೆ ಅಷ್ಟಿದೆ. ಹಣ ಕೈಗೆ ಬಂದ ದಿನದಿಂದಲೇ ಬಡ್ಡಿ ಓಡಲು ಶುರು. ವರ್ಷಕ್ಕೆ 1.4 ಲಕ್ಷದಂತೆ ತೆಗೆದರೆ ಪದವಿ ಮುಗಿಯುವ ದಿನ ಸಾಲ ಸುಮಾರು 6.7 ಲಕ್ಷ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 8,150 ಡಾಲರ್ ಕಂತು. ಟೆಕ್ಸಾಸಿನ 2.4 ಲಕ್ಷವನ್ನು ಪೂರ್ತಿ ಸಾಲವೇ ಮಾಡಿದರೂ ಕಂತು 3,500ರ ಆಸುಪಾಸು. ಕಾಲೇಜು ಮನೆಗೆ ಹತ್ತಿರವಿದ್ದು, ನಿಮ್ಮ ಜೊತೆಯಲ್ಲೇ ಇದ್ದು ವರ್ಷಕ್ಕೆ 20 ಸಾವಿರ ಉಳಿಸಿದರೆ ಕಂತು 2,330ಕ್ಕೆ ಇಳಿಯುತ್ತದೆ. ಆಗ ವರ್ಷದ ಸಾಲ 40 ಸಾವಿರ ಮಾತ್ರ, ಇಡೀ ಓದು ಫೆಡರಲ್ ಮಿತಿಯೊಳಗೇ ಮುಗಿಯುತ್ತದೆ, ನಿಮ್ಮ ಸಹಿ ಎಲ್ಲೂ ಬೇಕಾಗುವುದಿಲ್ಲ. ದಂತ ವೈದ್ಯರ ವಾರ್ಷಿಕ ಸಂಪಾದನೆಯ ಮಧ್ಯಮಾಂಕ 2023ರಲ್ಲಿ ಸುಮಾರು 1.7 ಲಕ್ಷ ಡಾಲರ್ ಇತ್ತು. ರಾಜ್ಯದ ಆದಾಯ ತೆರಿಗೆಯೇ ಇಲ್ಲದ ಟೆಕ್ಸಾಸಿನಲ್ಲಿ ಕೂಡ ಅದರಲ್ಲಿ ಕೈಗೆ ಸಿಗುವುದು ತಿಂಗಳಿಗೆ ಹತ್ತೂವರೆ ಸಾವಿರ. ಅನುಭವಸ್ಥರನ್ನೂ ಸೇರಿಸಿದ ಲೆಕ್ಕ ಇದು. ಅದರಲ್ಲಿ 8,150 ಕಂತಿಗೆ ಹೋದರೆ ಬಾಡಿಗೆ, ಕಾರು, ಊಟಕ್ಕೆ ಏನು ಉಳಿಯಿತು ಎಂದು ಮಗಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೂಡಿ ಕಳೆದು ನೋಡಿ.

ಇನ್ನು ಆರ್ಥೊಡಾಂಟಿಕ್ಸ್. ಅದು ಪದವಿಯ ಮೇಲೆ ಮತ್ತೆ ಎರಡರಿಂದ ಮೂರು ವರ್ಷ. ಆಸ್ಪತ್ರೆಯಲ್ಲಿ ಸಾಮಾನ್ಯ ದಂತ ಚಿಕಿತ್ಸೆ ಕಲಿಸುವ ಜಿಪಿಆರ್‌ನಂಥ ತರಬೇತಿಗಳಲ್ಲಿ ಸಂಬಳ ಕೊಡುತ್ತಾರೆ, ಆದರೆ ಆರ್ಥೊಡಾಂಟಿಕ್ಸ್‌ನಲ್ಲಿ ಅನೇಕ ಕಡೆ ವಿದ್ಯಾರ್ಥಿಯೇ ಶುಲ್ಕ ಕಟ್ಟಬೇಕು. ಅಷ್ಟೂ ವರ್ಷ ಹಿಂದಿನ ಸಾಲದ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಕಡಿಮೆ ಸಾಲದಲ್ಲಿ ಪದವಿ ಮುಗಿಸಿದವಳಿಗೆ ಆ ಬಾಗಿಲು ತೆರೆದಿರುತ್ತದೆ. ಆರು ಲಕ್ಷ ಹೊತ್ತವಳು ಸೀಟು ಸಿಕ್ಕರೂ ಹಿಂಜರಿಯುವಂತಾಗುತ್ತದೆ. ಸೀಟು ಸಿಗುವುದು ಮುಖ್ಯವಾಗಿ ತರಗತಿಯ ಶ್ರೇಣಿ, ಸಂಶೋಧನೆ, ಹತ್ತಿರದಿಂದ ಕಂಡ ಪ್ರಾಧ್ಯಾಪಕರ ಪತ್ರದಿಂದ. ಹೀಗಾಗಿ ಟೆಕ್ಸಾಸಿನ ಕಾಲೇಜಿಗೆ ಎರಡು ಪ್ರಶ್ನೆ ಬರೆದು ಕೇಳಿ: ನಿಮ್ಮಲ್ಲೇ ಆರ್ಥೊಡಾಂಟಿಕ್ಸ್ ವಿಭಾಗ ಇದೆಯೇ? ಕಳೆದ ಮೂರು ವರ್ಷಗಳಲ್ಲಿ ಎಷ್ಟು ಮಂದಿ ಆ ತರಬೇತಿಗೆ ಆಯ್ಕೆಯಾದರು?

ಕಡಿಮೆ ಶುಲ್ಕದ ಸೀಟು ಕೈಕೊಡುವುದೂ ಉಂಟು, ಅದು ಸಾಮಾನ್ಯವಾಗಿ ಕ್ಲಿನಿಕ್ಕಿನಲ್ಲಿ. ರೋಗಿಗಳು ಸಾಕಷ್ಟು ಬಾರದಿದ್ದರೆ ರೂಟ್ ಕೆನಾಲ್, ಕ್ರೌನ್, ಡೆಂಚರ್‌ಗಳ ನಿಗದಿತ ಸಂಖ್ಯೆ ತುಂಬುವುದಿಲ್ಲ, ಪದವಿ ಒಂದು ಸೆಮಿಸ್ಟರ್ ಮುಂದಕ್ಕೆ ಹೋಗುತ್ತದೆ, ಶುಲ್ಕ ಮತ್ತೆ ಕಟ್ಟಬೇಕು. ಇದನ್ನು ಪ್ರವೇಶ ಕಚೇರಿಯಲ್ಲಿ ಕೇಳಿ ಪ್ರಯೋಜನವಿಲ್ಲ. ನಾಲ್ಕನೇ ವರ್ಷದ ವಿದ್ಯಾರ್ಥಿಗಳನ್ನು ಹಿಡಿದು, ಕಳೆದ ಬ್ಯಾಚಿನಲ್ಲಿ ಎಷ್ಟು ಜನ ಸಮಯಕ್ಕೆ ಮುಗಿಸಲಿಲ್ಲ, ರೋಗಿಗಳನ್ನು ನೀವೇ ಹುಡುಕಿ ತರಬೇಕೇ ಎಂದು ಕೇಳಲು ಮಗಳಿಗೆ ಹೇಳಿ. ವೆಚ್ಚದ ಪತ್ರದಲ್ಲಿ ಉಪಕರಣಗಳ ಕಿಟ್, ಲೂಪ್ಸ್ (ಕಣ್ಣಿಗೆ ಧರಿಸುವ ಭೂತಗನ್ನಡಿ), ಆರೋಗ್ಯ ವಿಮೆ, ಬೇಸಿಗೆ ತರಗತಿಯ ಶುಲ್ಕ ಸೇರಿವೆಯೇ ನೋಡಿ. ಬಾಡಿಗೆಯನ್ನು ಒಂಬತ್ತು ತಿಂಗಳಿಗೆ ಹಾಕಿದ್ದರೆ ಹನ್ನೆರಡಕ್ಕೆ ತಿದ್ದಿಕೊಳ್ಳಿ. ಲೂಪ್ಸ್ ಒಂದಕ್ಕೇ ಸಾವಿರ ಡಾಲರಿಗೂ ಮೇಲೆ ಬೀಳುತ್ತದೆ.

ದುಬಾರಿ ಸೀಟಿಗೆ ನಾವು ಹೂಂ ಅನ್ನುವುದು ಹಣ ಬೇರೆ ಕಡೆಯಿಂದ ಬಂದರೆ ಮಾತ್ರ. ಸೇನೆಯ ಎಚ್‌ಪಿಎಸ್‌ಪಿ ವಿದ್ಯಾರ್ಥಿವೇತನ ಪೂರ್ತಿ ಶುಲ್ಕ ಕಟ್ಟಿ ತಿಂಗಳ ಭತ್ಯೆಯನ್ನೂ ಕೊಡುತ್ತದೆ, ಪ್ರತಿಯಾಗಿ ಸೇನೆಯಲ್ಲಿ ವರ್ಷಗಟ್ಟಲೆ ಸೇವೆ ಸಲ್ಲಿಸಬೇಕು. ವೈದ್ಯರ ಕೊರತೆ ಇರುವ ಪ್ರದೇಶದಲ್ಲಿ ಕನಿಷ್ಠ ಎರಡು ವರ್ಷ ದುಡಿಯುವ ಷರತ್ತಿನ ಎನ್‌ಎಚ್‌ಎಸ್‌ಸಿ ವಿದ್ಯಾರ್ಥಿವೇತನವೂ ಇದೆ. ಎರಡಕ್ಕೂ ಪೌರತ್ವ ಬೇಕು, ಅದು ನಿಮ್ಮ ಮಗಳಿಗಿದೆ. ಆದರೆ ಆ ಸೇವೆಯಲ್ಲಿ ಮನಸ್ಸಿದ್ದರೆ ಮಾತ್ರ ಅರ್ಜಿ ಹಾಕಲಿ. ಸಾಲದ ಹೆದರಿಕೆಗೆ ಹೋದವರಿಗೆ ಆ ವರ್ಷಗಳು ಬಹಳ ಉದ್ದವಾಗುತ್ತವೆ.

ಪ್ರಶ್ನೆ: ನಾವು ಅರಿಜೋನಾದಲ್ಲಿದ್ದೇವೆ. ಮಗನಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ದಂತ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಒಂದು ವರ್ಷ ಅಲ್ಲಿದ್ದರೆ ಅದೇ ರಾಜ್ಯದವನೆಂದು ಶುಲ್ಕ ಇಳಿಸುತ್ತಾರಂತೆ, ನಿಜವೇ?

ಉತ್ತರ: ಅಲ್ಲಿ ಸಾಧ್ಯ, ಆದರೆ ದಿನ ಕಳೆದ ಮಾತ್ರಕ್ಕೆ ಆಗುವುದಿಲ್ಲ. 366 ದಿನ ವಾಸವಿರಬೇಕು, ಅಲ್ಲೇ ನೆಲೆಸುವ ಉದ್ದೇಶಕ್ಕೆ ದಾಖಲೆ ಇರಬೇಕು. ಹೋದ ಮೊದಲ ವಾರದಲ್ಲೇ ಬಾಡಿಗೆ ಕರಾರು, ಚಾಲನಾ ಪರವಾನಗಿ, ವಾಹನದ ನೋಂದಣಿ, (ಪೌರತ್ವವಿದ್ದರೆ) ಮತದಾರರ ಪಟ್ಟಿ ಎಲ್ಲವನ್ನೂ ಬದಲಾಯಿಸಿಕೊಳ್ಳಲಿ. ಹೆಚ್ಚಿನವರು ಎಡವುವುದು ತೆರಿಗೆಯಲ್ಲಿ: ತಂದೆತಾಯಿ ತಮ್ಮ ರಿಟರ್ನ್ಸ್‌ನಲ್ಲಿ ಮಗನನ್ನು ಅವಲಂಬಿತ ಎಂದು ತೋರಿಸಿದರೆ ಅರ್ಜಿ ಬೀಳುವ ಸಂಭವ ಹೆಚ್ಚು. ಹೊರರಾಜ್ಯದವರಿಗೆ ಅಲ್ಲಿ ಬೀಳುವ ಹೆಚ್ಚುವರಿ ಶುಲ್ಕ ವರ್ಷಕ್ಕೆ ಸುಮಾರು 12 ಸಾವಿರ ಡಾಲರ್. ಮೂರು ವರ್ಷ ಅದು ಉಳಿದರೆ ದೊಡ್ಡ ಮೊತ್ತವೇ. ಇದೇ ಉಪಾಯ ಎಲ್ಲ ರಾಜ್ಯದಲ್ಲೂ ನಡೆಯುವುದಿಲ್ಲ. ಓದಲು ಬಂದ ಅವಧಿಯನ್ನು ವಾಸವೆಂದು ಎಣಿಸದ ರಾಜ್ಯಗಳಿವೆ. ಹಿಂದಿರುಗಿಸದ ಮುಂಗಡ ಕಟ್ಟುವ ಮೊದಲೇ ಕಾಲೇಜಿನಿಂದ ಲಿಖಿತ ಉತ್ತರ ತರಿಸಿಕೊಳ್ಳಿ.

ಪ್ರಶ್ನೆ: ಕರ್ನಾಟಕದಲ್ಲಿ ಬಿಡಿಎಸ್ ಮುಗಿಸಿ ಮದುವೆಯಾಗಿ ಎಚ್-4 ವೀಸಾದಲ್ಲಿ ನ್ಯೂಜೆರ್ಸಿಗೆ ಬಂದಿದ್ದೇನೆ. ಇಲ್ಲಿನ ಸರ್ಕಾರಿ ಕಾಲೇಜಿಗೆ ಸೇರಿದರೆ ಅಗ್ಗವಾಗುವುದೇ?

ಉತ್ತರ: ಖಚಿತವಿಲ್ಲ. ವಿದೇಶಿ ಪದವೀಧರರ ಎರಡರಿಂದ ಮೂರು ವರ್ಷದ ಕೋರ್ಸಿಗೆ ಅನೇಕ ಸರ್ಕಾರಿ ಕಾಲೇಜುಗಳು ರಾಜ್ಯದವರು, ಹೊರಗಿನವರು ಎನ್ನದೆ ಒಂದೇ ದೊಡ್ಡ ಶುಲ್ಕ ಹಾಕುತ್ತವೆ. ಎಚ್-4 ಇರುವವರಿಗೆ ಫೆಡರಲ್ ಸಾಲವೂ ಇಲ್ಲ. ಗ್ರೀನ್ ಕಾರ್ಡ್ ಹತ್ತಿರದಲ್ಲಿದ್ದರೆ ಕಾಯುವುದು ಲಾಭ. ಕಾಯುವ ಕಾಲದಲ್ಲಿ ಐಎನ್‌ಬಿಡಿಇ ಮುಗಿಸಿ, ಕಾಲೇಜುಗಳು ನಡೆಸುವ ಕೈಚಳಕದ ಪರೀಕ್ಷೆ ಬೆಂಚ್ ಟೆಸ್ಟ್‌ಗಾಗಿ ಟೈಪೋಡಾಂಟ್ (ಕೃತಕ ಹಲ್ಲುಗಳ ಮಾದರಿ) ಮೇಲೆ ಕ್ರೌನ್ ಪ್ರಿಪರೇಶನ್‌ ಅಭ್ಯಾಸ ಮಾಡಿ. ನಿಮ್ಮ ಕಾಲೇಜು ಬೆಂಗಳೂರಿನ ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದಾದರೆ ಅಲ್ಲಿಗೆ ಟ್ರಾನ್ಸ್‌ಕ್ರಿಪ್ಟ್ ಅರ್ಜಿಯನ್ನು ಈಗಲೇ ಹಾಕಿಸಿ. ವಿದೇಶಿ ಪದವಿಯನ್ನು ಅಮೆರಿಕದ ಪದವಿಗೆ ಹೋಲಿಸಿ ನೋಡುವ ಇಸಿಇ ಸಂಸ್ಥೆಯ ಮೌಲ್ಯಮಾಪನ ಅದು ಕೈ ಸೇರಿದ ಮೇಲೆಯೇ ಶುರುವಾಗುವುದು.