ಅಸ್ಸೇ 99.9 ಬಂದರೆ ಅದು ಸಲೈನ್ ಉಪ್ಪಾಗುತ್ತಾ?

ಗೋಕರ್ಣದ ಬಳಿಯ ಸಾಣಿಕಟ್ಟಾ ಉಪ್ಪನ್ನು ಕರಗಿಸಿ, ಸೋಸಿ, ಮತ್ತೆ ಹರಳು ಮಾಡಿದ್ದೀರಿ. ಲ್ಯಾಬ್‌ನವರು ಅಸ್ಸೇ, ಅಂದರೆ ಉಪ್ಪಿನ ಶುದ್ಧತೆಯ ಲೆಕ್ಕ, ಶೇಕಡಾ 99.9 ಅಂತ ಕೊಟ್ಟಿದ್ದಾರೆ. ಇನ್ನು ಸಲೈನ್ ಬಾಟಲಿ ಮಾಡುವವರಿಗೆ ಮಾರಬಹುದಲ್ವಾ ಅನ್ನೋದು ನಿಮ್ಮ ಪ್ರಶ್ನೆ. ಇಂಥದ್ದೇ ರಿಪೋರ್ಟ್ ನಂಬಿ ನಮ್ಮ ಘಟಕ ಒಂದು ದೊಡ್ಡ ಲಾಟನ್ನೇ ಕಳೆದುಕೊಂಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನ ಹೊರಗಿನ ಒಂದು ಚಿಕ್ಕ ಘಟಕದಲ್ಲಿ ನಾನು ಕ್ಯೂಸಿ (ಗುಣಮಟ್ಟದ ಪರೀಕ್ಷೆ) ನೋಡಿಕೊಳ್ಳುತ್ತಿದ್ದೆ. ಗುಜರಾತಿನಿಂದ ಉಪ್ಪು ಬರುತ್ತಿತ್ತು. ಅದೂ ನಿಮ್ಮದರ ಹಾಗೆ ಸಮುದ್ರದ ನೀರಿನದೇ, ಗದ್ದೆಯಲ್ಲಿ ಬಿಸಿಲಿಗೆ ಒಣಗಿದ್ದು. ಕರಗಿಸಿ, ಮೊದಲು ಬೇರಿಯಂ ಕ್ಲೋರೈಡ್ ಹಾಕುತ್ತಿದ್ದೆವು, ಸಲ್ಫೇಟ್ ಗಟ್ಟಿಯಾಗಿ ತಳಕ್ಕೆ ಕೂರಲಿ ಅಂತ. ಆಮೇಲೆ ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್), ಕಾಸ್ಟಿಕ್ (ಸೋಡಿಯಂ ಹೈಡ್ರಾಕ್ಸೈಡ್). ಈ ಕ್ರಮ ತಪ್ಪಬಾರದು. ಕ್ಯಾಲ್ಸಿಯಂ ಜೊತೆಗೆ, ಉಳಿದುಬಿಟ್ಟ ಬೇರಿಯಂ ಅನ್ನೂ ಎಳೆದುಕೊಂಡು ಕೂರುವುದು ಆ ಸೋಡಾ ಆ್ಯಶೇ. ಬೇರಿಯಂ ವಿಷ. ಕಾಸ್ಟಿಕ್ ಮೆಗ್ನೀಸಿಯಂ ತೆಗೆಯುತ್ತದೆ. ಚೆನ್ನಾಗಿ ಸೋಸಿ, ಕೊನೆಗೆ ಹೈಡ್ರೋಕ್ಲೋರಿಕ್ ಆಸಿಡ್‌ನಿಂದ ಪಿಎಚ್ ಸರಿ ಮಾಡಿದರೆ ಬ್ರೈನ್, ಅಂದರೆ ಉಪ್ಪುನೀರು, ಗಾಜಿನ ಹಾಗೆ ತಿಳಿಯಾಗಿರುತ್ತದೆ. ಇಲ್ಲಿಯವರೆಗೆ ನಮ್ಮದು ಸರಿಯಾಗಿಯೇ ನಡೆದಿತ್ತು.

ಎಡವಿದ್ದು ಮದರ್ ಲಿಕರ್‌ನಲ್ಲಿ, ಹರಳು ಬಿದ್ದ ಮೇಲೆ ಉಳಿಯುವ ನೀರಿನಲ್ಲಿ. ನಾವೆಲ್ಲ ಎಂಎಲ್ ಅಂತಲೇ ಕರೆಯುತ್ತಿದ್ದೆವು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಪೆಟ್ಲುಪ್ಪನ್ನು (ಪೊಟ್ಯಾಸಿಯಂ ನೈಟ್ರೇಟ್) ಬಿಸಿನೀರಲ್ಲಿ ಕರಗಿಸಿ ತಣ್ಣಗಾಗಲು ಬಿಟ್ಟರೆ ಹರಳು ರಾಶಿಯಾಗಿ ಬೀಳುತ್ತದೆ. ಅಡುಗೆ ಉಪ್ಪು ಹಾಗಲ್ಲ. 100 ಗ್ರಾಂ ನೀರು 20 ಡಿಗ್ರಿಯಲ್ಲಿ ಸುಮಾರು 36 ಗ್ರಾಂ ಕರಗಿಸಿಕೊಂಡರೆ, ಕುದಿಯುವಾಗಲೂ ಸುಮಾರು 39 ಅಷ್ಟೇ. ತಣ್ಣಗೆ ಮಾಡಿ ಸಿಗುವುದು ಮೂರು ಗ್ರಾಂ. ಹಾಗಾಗಿ ನೀರನ್ನು ಆವಿ ಮಾಡಲೇಬೇಕು. ನೀರು ಕಡಿಮೆಯಾದಂತೆ ಸೋಡಾಕ್ಕೂ ಕಾಸ್ಟಿಕ್‌ಗೂ ಬಗ್ಗದ ಕಲ್ಮಶಗಳಾದ ಪೊಟ್ಯಾಸಿಯಂ, ಬ್ರೋಮೈಡ್ ಎರಡೂ ಎಂಎಲ್‌ನಲ್ಲಿ ಗಟ್ಟಿಯಾಗುತ್ತಾ ಹೋಗುತ್ತವೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 65 ಮಿಲಿಗ್ರಾಂ ಬ್ರೋಮೈಡ್ ಇರುತ್ತದೆ. ಅದು ಗದ್ದೆಯ ಉಪ್ಪಿಗೂ ಒಂದಿಷ್ಟು ಬಂದೇ ಬರುತ್ತದೆ.

ಆದರೆ ಎಂಎಲ್ ತುಂಬಾ ಉಪ್ಪೇ ಇರುತ್ತದಲ್ವಾ? ಚೆಲ್ಲಲು ಮನಸ್ಸು ಬರಲ್ಲ. ಮುಂದಿನ ಬ್ಯಾಚಿಗೆ ಸೇರಿಸಿದರೆ ಇಳುವರಿ ಜಾಸ್ತಿ ಅಂತ ಪ್ರೊಡಕ್ಷನ್‌ನವರು ಹೇಳಿದರು. ಅಸ್ಸೇ ನೋಡಿದೆ, ಚೆನ್ನಾಗಿತ್ತು. ಸಹಿ ಹಾಕಿದೆ. ಬ್ಯಾಚಿನಿಂದ ಬ್ಯಾಚಿಗೆ ಅದೇ ಎಂಎಲ್ ತಿರುಗಿತು. ಅಸ್ಸೇ ಅಲ್ಲಾಡಲೇ ಇಲ್ಲ. ಅಲ್ಲಾಡುವುದೂ ಇಲ್ಲ! ಅಸ್ಸೇಗೆ ಸಿಲ್ವರ್ ನೈಟ್ರೇಟ್ ಹನಿಹನಿಯಾಗಿ ಹಾಕಿ ಅಳೆಯುವಾಗ (ಟೈಟ್ರೇಷನ್) ಬ್ರೋಮೈಡೂ ಕ್ಲೋರೈಡಿನ ಜೊತೆಗೇ ಬೆಳ್ಳಿಗೆ ಅಂಟಿಕೊಂಡು ಬೀಳುತ್ತದೆ. ಕ್ಲೋರೈಡಿನ ಜೊತೆ ಇರುವುದು ಸೋಡಿಯಮ್ಮೋ ಪೊಟ್ಯಾಸಿಯಮ್ಮೋ ಅಂತ ಬೆಳ್ಳಿ ಕೇಳುವುದಿಲ್ಲ. ಔಷಧಗಳ ಗುಣಮಟ್ಟ ಹೇಳುವ ಗ್ರಂಥವಾದ ಯುರೋಪಿಯನ್ ಫಾರ್ಮಕೋಪಿಯಾದ ಅಸ್ಸೇ ಮಿತಿ 99.0ರಿಂದ 100.5. ಬ್ರೋಮೈಡ್ ಮಿತಿ 100 ಪಿಪಿಎಂ, ಅಂದರೆ 0.01 ಶೇಕಡಾ. ಆ ಹನಿ ಅಳೆಯುವ ಬ್ಯುರೆಟ್ ಓದುವಾಗ ಆಗುವ ಏರುಪೇರೇ ಅದಕ್ಕಿಂತ ದೊಡ್ಡದು. ಹಾಗಾಗಿ ನಿಮ್ಮ 99.9ರಲ್ಲಿ ಬ್ರೋಮೈಡ್ ಮಿತಿ ಮೀರಿದ್ದರೂ ಕಾಣುವುದಿಲ್ಲ.

ಅದನ್ನು ಗಿರಾಕಿಯ ಲ್ಯಾಬ್ ಹಿಡಿಯಿತು. ಲಾಟ್ ವಾಪಸ್ ಬಂದ ಮೇಲೆ ಆ ಪರೀಕ್ಷೆಯನ್ನು ನಾನೂ ಕೂತು ಮಾಡಿದೆ. ದ್ರಾವಣಕ್ಕೆ ಫೀನಾಲ್ ರೆಡ್, ಕ್ಲೋರಮಿನ್-ಟಿ ಹಾಕಬೇಕು. ಬ್ರೋಮೈಡ್ ಇದ್ದರೆ ಫೀನಾಲ್ ರೆಡ್ ಬ್ರೋಮೋಫೀನಾಲ್ ಬ್ಲೂ ಆಗುತ್ತದೆ. ಹಳದಿಯಾಗಿಯೇ ಉಳಿಯಬೇಕಿದ್ದ ದ್ರಾವಣ ನನ್ನ ಕಣ್ಣೆದುರೇ ನೇರಳೆಗೆ ತಿರುಗಿತು. ಎಷ್ಟಿದೆ ಅಂತ 590 ನ್ಯಾನೋಮೀಟರ್ ತರಂಗದ ಬೆಳಕು ಹಾಯಿಸಿ ಓದುತ್ತಾರೆ.

ಸೆಂಟ್ರಿಫ್ಯೂಜಿನಲ್ಲಿ ಹಾಕಿ ಶುದ್ಧ ಬ್ರೈನಿನಿಂದ ತೊಳೆದು ನೋಡಿದೆವು. ಪೊಟ್ಯಾಸಿಯಂ ಇಳಿಯಿತು, ಯಾಕೆಂದರೆ ಅದರಲ್ಲಿ ಹೆಚ್ಚಿನದು ಹರಳಿನ ಮೈಗೆ ಅಂಟಿದ ಎಂಎಲ್‌ನಲ್ಲೇ ಇತ್ತು. ಬ್ರೋಮೈಡ್ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇತ್ತು. ಹರಳು ಬೆಳೆಯುವಾಗಲೇ ಕ್ಲೋರೈಡ್ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಟ್ಟಿರುತ್ತದೆ, ತೊಳೆದರೆ ಹೋಗುವುದಿಲ್ಲ. ಎಂಎಲ್‌ನಲ್ಲಿ ಬ್ರೋಮೈಡ್ ಏರಿದಷ್ಟೂ ಹರಳಿನೊಳಗೂ ಏರುತ್ತದೆ. ಇಡೀ ಲಾಟನ್ನು ಮತ್ತೆ ಕರಗಿಸಿ, ಮತ್ತೆ ಕುದಿಸಿ, ಎಂಎಲ್‌ನ ಒಂದು ಪಾಲನ್ನು ಹೊರಗೆ ಹಾಕಿದಾಗಲೇ ಸರಿಹೋಗಿದ್ದು. ಇಳುವರಿಯಲ್ಲಿ ಉಳಿಸಿದ್ದೆಲ್ಲ ಆವಿ ಮಾಡುವ ಸೌದೆಗೇ ಹೋಯಿತು. ಆ ಗಿರಾಕಿ ಮತ್ತೆ ಬರಲಿಲ್ಲ.

ಈಗ ನಿಮ್ಮ ವಿಷಯ. ನನ್ನನ್ನು ಕೇಳಿದರೆ, ಸಲೈನ್ ಅನ್ನೋದನ್ನು ಸದ್ಯಕ್ಕೆ ಮರೆತುಬಿಡಿ. ರಕ್ತಕ್ಕೆ ಹೋಗುವ ಉಪ್ಪಿಗೆ ಪೊಟ್ಯಾಸಿಯಂ 500 ಪಿಪಿಎಂ ದಾಟಬಾರದು, ಎಂಡೋಟಾಕ್ಸಿನ್, ಅಂದರೆ ಬ್ಯಾಕ್ಟೀರಿಯಾದ ವಿಷದ ಚೂರು, ಗ್ರಾಂಗೆ 5 ಐಯು (ಇಂಟರ್‌ನ್ಯಾಷನಲ್ ಯೂನಿಟ್)ಗಿಂತ ಕಡಿಮೆ ಇರಬೇಕು. ಬಯಲಿನ ಗದ್ದೆಯ ಉಪ್ಪಲ್ಲಿ ಬ್ಯಾಕ್ಟೀರಿಯಾ ಇಲ್ಲದಿರಲು ಸಾಧ್ಯವೇ ಇಲ್ಲ. ಅವು ಸತ್ತ ಮೇಲೂ ಅವುಗಳ ಚೂರುಗಳು ಜ್ವರ ತರಿಸುತ್ತವೆ. ಕುದಿಸಿದರೆ ಹಾಳಾಗಲ್ಲ, ಮಾಮೂಲಿ 0.2 ಮೈಕ್ರಾನ್ ಫಿಲ್ಟರಿನಲ್ಲೂ ನುಸುಳುತ್ತವೆ. ಡಯಾಲಿಸಿಸ್‌ಗಾದರೆ ಅಲ್ಯೂಮಿನಿಯಂ 0.2 ಪಿಪಿಎಂ ಮಿತಿಯೂ ಸೇರುತ್ತದೆ. ಇಷ್ಟೆಲ್ಲ ಪಾಸಾದರೂ, ರಾಜ್ಯ ಔಷಧ ನಿಯಂತ್ರಣ ಇಲಾಖೆಯ ಉತ್ಪಾದನಾ ಲೈಸೆನ್ಸ್ ಇಲ್ಲದೆ ಚೀಲದ ಮೇಲೆ ಐಪಿ (ಇಂಡಿಯನ್ ಫಾರ್ಮಕೋಪಿಯಾ) ಅಂತ ಹಾಕುವ ಹಾಗಿಲ್ಲ. ಯಾವುದೋ ವಾರ್ಡಿನಲ್ಲಿ ಮಲಗಿರುವವರ ನರಕ್ಕೆ ಹೋಗುವ ವಸ್ತು ಇದು. ಒಂದು ಅಸ್ಸೇ ನಂಬಿ ಕೊಡಬೇಡಿ.

ಯಾರೋ ಕಾಮೆಂಟಿನಲ್ಲಿ, ಅಂಗಡಿಯ ರಿಫೈನ್ಡ್ ಉಪ್ಪಿನಿಂದ ಶುರು ಮಾಡಿ ಅಂದಿದ್ದಾರೆ. ಅದನ್ನಂತೂ ಮಾಡಲೇಬೇಡಿ. ಅದರಲ್ಲಿ ಅಯೋಡಿನ್ ಇರುತ್ತದೆ, ಗಂಟು ಕಟ್ಟದಿರಲಿ ಅಂತ ಫೆರೋಸಯನೈಡ್ ಹಾಕಿರುವುದೂ ಉಂಟು. ಫಾರ್ಮಕೋಪಿಯಾದಲ್ಲಿ ಎರಡಕ್ಕೂ ಬೇರೆ ಪರೀಕ್ಷೆಗಳಿವೆ.

ಆದರೂ ಮುಂದುವರಿಯುತ್ತೀರಾದರೆ, ಅಸ್ಸೇಗೆ ಮತ್ತೆ ದುಡ್ಡು ಸುರಿಯಬೇಡಿ. ಮೊದಲು ಬ್ರೋಮೈಡ್ ಮತ್ತು ಪೊಟ್ಯಾಸಿಯಂ ಮಾಡಿಸಿ. ಪೊಟ್ಯಾಸಿಯಂಗೆ ಫ್ಲೇಮ್ ಫೋಟೋಮೀಟರ್ ಇರುವ ಯಾವುದೇ ಲ್ಯಾಬ್ ಸಾಕು. ಹರಳಿನ ಜೊತೆ ಎಂಎಲ್‌ನ ಸ್ಯಾಂಪಲನ್ನೂ ಕಳಿಸಿ. ಪ್ರತಿ ಬ್ಯಾಚಿನಲ್ಲೂ ಎಂಎಲ್‌ನ ಎಷ್ಟು ಪಾಲು ಹೊರಗೆ ಹೋಗಬೇಕು ಅನ್ನೋದು ಆ ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ಹೊರಗೆ ಹಾಕಿದ್ದನ್ನು ಚರಂಡಿಗೆ ಬಿಡಬೇಡಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲೇ ತೆಗೆದಿರುವುದರಿಂದ ಬಾಯ್ಲರ್ ನೀರಿನ ಸಾಫ್ಟ್‌ನರ್ ರೀಚಾರ್ಜ್ ಮಾಡಲು ಅದು ಚೆನ್ನಾಗಿ ಆಗುತ್ತದೆ. ನಾವು ಆಮೇಲೆ ಅದನ್ನೇ ಮಾಡಿದೆವು.