ಓದುಗರ ಪ್ರಶ್ನೆ: ‘ಉಮ್ಲಾಜಿ 23’ ಎಂದರೆ ಯಾವ ಹಡಗು?

ಪ್ರಶ್ನೆ: ನಮ್ಮ ಮುತ್ತಜ್ಜನ ತಮ್ಮ ಮದ್ರಾಸಿನಲ್ಲಿ ಹಡಗು ಹತ್ತಿ ದಕ್ಷಿಣ ಆಫ್ರಿಕಾದ ನಟಾಲಿನ ಕಬ್ಬಿನ ತೋಟಕ್ಕೆ ಕರಾರು ಕೂಲಿಯಾಗಿ ಹೋದರಂತೆ. ಅಲ್ಲಿನ ನೆಂಟರು ಕಳಿಸಿದ ನಕಲಿನಲ್ಲಿ ‘ಉಮ್ಲಾಜಿ’ ಎಂದು ಬರೆದು ಮುಂದೆ ರೋಮನ್ ಅಂಕಿಯಲ್ಲಿ 23 ಎಂದಿದೆ. ಆ ಹೆಸರಿನ 23 ಹಡಗುಗಳಿದ್ದವೇ? ಹಡಗಿನ ಚರಿತ್ರೆ ಹುಡುಕುವುದು ಹೇಗೆ?
– ಓದುಗರು, ಚಿಂತಾಮಣಿ

ಉತ್ತರ: ಇಲ್ಲ. ಆ ಹೆಸರಿನಲ್ಲಿ ಕೂಲಿಯವರನ್ನು ಹೊತ್ತು ಬಂದ 23ನೇ ಸಲ ಎಂದಷ್ಟೇ ಅರ್ಥ. ಬಂದಿಳಿದ ತಾರೀಖು ಸಿಗುವುದು ಈ ಅಂಕಿಯಿಂದಲೇ, ಆದ್ದರಿಂದ ಅದನ್ನು ಬಿಡಬೇಡಿ.

1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿದ ‘ಟ್ರೂರೊ’ದಿಂದ ಹಿಡಿದು 1911ರವರೆಗೆ ನಟಾಲಿನಲ್ಲಿ ಇಳಿದವರು 1,52,184 ಮಂದಿ. ಹಡಗಿನ ಪಟ್ಟಿಯಲ್ಲಿ ಒಬ್ಬೊಬ್ಬರಿಗೂ ಒಂದು ಕಲೋನಿಯಲ್ ನಂಬರ್, ಪಕ್ಕದಲ್ಲಿ ಅಪ್ಪನ ಹೆಸರು, ವಯಸ್ಸು, ಜಾತಿ, ಜಿಲ್ಲಾ, ಠಾಣಾ, ಊರು, ಮೈಮೇಲಿನ ಮಚ್ಚೆ–ಗಾಯದ ಗುರುತು. ಜಿಲ್ಲಾ ಕಾಲಮಿನಲ್ಲಿ ಚಿಕ್ಕಬಳ್ಳಾಪುರ ಹುಡುಕಿದರೆ ಸಿಗದು, ಅದು ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಕೋಲಾರವನ್ನೇ ನೋಡಿ, ಇಂಗ್ಲಿಷಿನ ‘ಸಿ’ಯಲ್ಲೂ ‘ಕೆ’ಯಲ್ಲೂ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡಿರುತ್ತಾನೆ. ಕಾಗುಣಿತ ನೋಡಿ ತಲೆ ಕೆಡಿಸಿಕೊಳ್ಳುವ ಬದಲು ಗಟ್ಟಿಯಾಗಿ ಓದಿ, ಊರು ತಾನೇ ಕೇಳಿಸುತ್ತದೆ.

ವರ್ಷ ಗೊತ್ತಾದ ಮೇಲೆ ಹಡಗಿನ ಕಡೆಗೆ. ಇಲ್ಲಿ ಹೆಸರನ್ನು ನಂಬಿ ಕೂತವರೇ ಎಡವುವುದು. 1855ರಿಂದ ಬ್ರಿಟಿಷ್ ಹಡಗುಗಳಿಗೆಲ್ಲ ‘ಅಫಿಷಿಯಲ್ ನಂಬರ್’ ಕೊಟ್ಟು, ಅದನ್ನು ಹಡಗಿನ ಮುಖ್ಯ ತೊಲೆಯ ಮೇಲೆ ಕೆತ್ತಿಸುತ್ತಿದ್ದರು. ಮಾಲೀಕ ಬದಲಾಗಲಿ, ಹೆಸರು ಬದಲಾಗಲಿ, ಬ್ರಿಟಿಷ್ ನೋಂದಣಿಯಲ್ಲಿ ಇರುವಷ್ಟು ಕಾಲ ಆ ನಂಬರ್ ಬದಲಾಗದು. ಹಡಗುಗಳ ವಾರ್ಷಿಕ ಪಟ್ಟಿಯಾದ ಲಾಯ್ಡ್ಸ್ ರಿಜಿಸ್ಟರಿನ ಆ ವರ್ಷದ ಸಂಪುಟದಲ್ಲಿ ನಂಬರ್, ಕಟ್ಟಿದ ಊರು, ಮಾಲೀಕರು ಎಲ್ಲ ಇರುತ್ತವೆ. ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಅಲ್ಲಿಂದ ವರ್ಷ ವರ್ಷವೇ ಮುಂದಕ್ಕೆ ತಿರುವುತ್ತಾ ಹೋಗಿ. ಹಡಗನ್ನು ಹೊರದೇಶದವರು ಕೊಂಡರೆ ನಂಬರಿನ ಜಾಡು ಅಲ್ಲಿಗೆ ಕಡಿಯುತ್ತದೆ. ಆಗ ಹೊಸ ಹೆಸರಿನ ಕೆಳಗೆ ಹಳೆಯ ಹೆಸರು ಕೊಟ್ಟಿದೆಯೇ ಎಂದು ಹುಡುಕಬೇಕು.

ನಾವಿಕರ ಪಟ್ಟಿ ಬೇಕೆಂದರೆ ಲಂಡನ್ನಿಗೆ ಬರೆಯುವ ಮುನ್ನ ಕೆನಡಾದ ನ್ಯೂಫೌಂಡ್‌ಲೆಂಡಿನ ಸಾಗರ ಇತಿಹಾಸ ಪತ್ರಾಗಾರವನ್ನು ಕೇಳಿ. 1863ರಿಂದ 1938ರವರೆಗಿನ ಪಟ್ಟಿಗಳಲ್ಲಿ ನೂರಕ್ಕೆ ಸುಮಾರು 70 ಪಾಲು ಅಲ್ಲೇ ಇವೆ. 1895, 1905 ಹೀಗೆ 5ರಲ್ಲಿ ಮುಗಿಯುವ ವರ್ಷದವು ಮಾತ್ರ ಗ್ರೀನಿಚ್ ವಸ್ತುಸಂಗ್ರಹಾಲಯದಲ್ಲಿ.

ಪ್ರಶ್ನೆ: ಫಿಜಿಗೆ ಹೋದ ‘ಗ್ಯಾಂಜಿಸ್’ ಹಡಗಿನ ತೂಕ ಒಂದೊಂದು ಕಡೆ ಒಂದೊಂದು ಥರ ಇದೆ. ಯಾವುದು ಸರಿ?
– ಓದುಗರು, ಶಿರಾ

ಉತ್ತರ: ಅದು ತೂಕವೇ ಅಲ್ಲ. ರಿಜಿಸ್ಟರಿನ ಒಂದು ಟನ್ ಎಂದರೆ 100 ಘನ ಅಡಿ ಜಾಗ. ‘ಗ್ರಾಸ್’ ಲೆಕ್ಕದಲ್ಲಿ ಇಂಜಿನ್ ಕೋಣೆ, ನಾವಿಕರ ಜಾಗ ಎಲ್ಲ ಸೇರುತ್ತವೆ, ‘ನೆಟ್’ನಲ್ಲಿ ಅವನ್ನು ಕಳೆಯುತ್ತಾರೆ. ಅಂಕಿಗಳ ಅಂತರ ದುಪ್ಪಟ್ಟಿಗೂ ಮೀರಿದ್ದರೆ ಹಡಗೇ ಬೇರೆಯೆಂದು ಅನುಮಾನಿಸಿ: ನೌರ್ಸ್ ಹಡಗು ಕಂಪನಿಗೆ 1882ರಲ್ಲಿ ಕಟ್ಟಿದ ಹಾಯಿಹಡಗು ‘ಗ್ಯಾಂಜಿಸ್’ ಒಂದು, 1906ರ ಉಗಿಹಡಗು ‘ಗ್ಯಾಂಜಿಸ್’ ಇನ್ನೊಂದು. ಮದ್ರಾಸಿನಿಂದ ಫಿಜಿಗೆ ಕೂಲಿಯವರನ್ನು ಸಾಗಿಸತೊಡಗಿದ್ದು 1903ರಲ್ಲಿ. ನಿಮ್ಮ ಕಡೆಯವರು ಮದ್ರಾಸಿನಲ್ಲಿ ಹತ್ತಿದ್ದು 1906ರ ನಂತರವಾದರೆ ಉಗಿಹಡಗನ್ನೇ ಮೊದಲು ನೋಡಿ.